ಕೀಮೋ ಜೊತೆ ಬಿ-ಕಾಂಪ್ಲೆಕ್ಸ್, ಅರಿಶಿನ ಕ್ಯಾಪ್ಸೂಲ್, ನರದ ಮಾತ್ರೆ: ಯಾವುದು ನಿಲ್ಲಿಸಬೇಕು, ಯಾವುದನ್ನು ಬಿಡಲೇಬಾರದು?

ಕೌಂಟರ್_ದಾವಣಗೆರೆ ಕೇಳಿದ್ದು:

ನಮಸ್ಕಾರ. ನಮ್ಮದು ಆಸ್ಪತ್ರೆ ಪಕ್ಕದ ಮೆಡಿಕಲ್ ಸ್ಟೋರ್, ನಾನು ಫಾರ್ಮಸಿಸ್ಟ್. ಕ್ಯಾನ್ಸರ್ ಔಷಧದ ಚೀಟಿ ತರುವವರು ಅದರ ಜೊತೆಗೇ ರಕ್ತಕ್ಕೆ, ನರಕ್ಕೆ, ಶಕ್ತಿಗೆ, ಕೂದಲಿಗೆ ಅಂತ ಇನ್ನೊಂದೆರಡು ಸ್ಟ್ರಿಪ್ ಕೇಳುತ್ತಾರೆ. ಇವುಗಳಿಗೆ ಚೀಟಿ ಇರುವುದಿಲ್ಲ. "ಡಾಕ್ಟರನ್ನ ಕೇಳಿ" ಅಂತ ಬರಿಗೈಲಿ ಕಳಿಸಿದರೆ ಮುಂದಿನ ಅಂಗಡಿಯಲ್ಲಿ ತಗೊಂಡು ಹೋಗ್ತಾರೆ. ಹಾಗಾಗಿ ಕೌಂಟರಿನಲ್ಲೇ ಕಾರಣ ಸಮೇತ ಹೇಳುವಷ್ಟು ಖಚಿತವಾದ ಮಾಹಿತಿ ಬೇಕು. ಹೆಚ್ಚಾಗಿ ಬರುವುದು ಈ ಮೂರು ತರಹ:

1. ದೊಡ್ಡ ಕರುಳಿನ ಕ್ಯಾನ್ಸರ್, ಆಪರೇಷನ್ ಆಗಿದೆ. ಕ್ಯಾಪೆಸಿಟಬಿನ್ 500 ಬೆಳಿಗ್ಗೆ ಮೂರು, ರಾತ್ರಿ ಮೂರು, 14 ದಿನ. ಮೂರು ವಾರಕ್ಕೊಮ್ಮೆ ಆಕ್ಸಾಲಿಪ್ಲಾಟಿನ್ ಡ್ರಿಪ್. ಕೇಳುವುದು ಕಬ್ಬಿಣದ ಮಾತ್ರೆ, ಬಿ-ಕಾಂಪ್ಲೆಕ್ಸ್, ಕೈಕಾಲು ಜೋಮಿಗೆ ನರದ ಕ್ಯಾಪ್ಸೂಲ್.

2. ಸ್ತನ ಕ್ಯಾನ್ಸರ್, ಕೀಮೋ ಮುಗಿದು ಟಾಮೋಕ್ಸಿಫೆನ್ 20 (ಹಾರ್ಮೋನ್ ತಡೆಯುವ ಮಾತ್ರೆ) ನಡೀತಿದೆ. ಕೇಳುವುದು ಕರ್ಕ್ಯುಮಿನ್ (ಅರಿಶಿನದ ಸಾರ) ಕ್ಯಾಪ್ಸೂಲ್, ಕೂದಲಿಗೆ ಬಯೋಟಿನ್ 10 ಮಿ.ಗ್ರಾಂ.

3. ಮೈಲೋಮಾ (ಮೂಳೆಮಜ್ಜೆಯ ರಕ್ತ ಕ್ಯಾನ್ಸರ್), ವಾರಕ್ಕೊಂದು ಬಾರ್ಟೆಜೊಮಿಬ್ ಇಂಜೆಕ್ಷನ್. ಕೇಳುವುದು ಚೀಪುವ ವಿಟಮಿನ್ ಸಿ 500, ಗ್ರೀನ್ ಟೀ ಎಕ್ಸ್‌ಟ್ರಾಕ್ಟ್, ಅಮೃತಬಳ್ಳಿ.

ಎಲ್ಲದಕ್ಕೂ "ಎರಡು ಗಂಟೆ ಗ್ಯಾಪ್ ಕೊಟ್ಟು ತಗೊಳ್ಳಿ" ಅನ್ನುವ ಸಲಹೆ ನಮ್ಮಲ್ಲಿ ಚಾಲ್ತಿಯಲ್ಲಿದೆ. ಅದು ಎಷ್ಟು ಸರಿ?

ಕ್ಲಿನಿಕಲ್_ಫಾರ್ಮಸಿ_ಮಂಗಳೂರು:

ಮೊದಲನೆಯ ಕೇಸಿನಿಂದ ಶುರು ಮಾಡ್ತೀನಿ. ನಿಮ್ಮ ಕೌಂಟರಿನಲ್ಲಿ ಅತಿ ಹೆಚ್ಚು ಅಪಾಯ ಇರುವುದು ಅಲ್ಲೇ, ಅದೂ ಯಾರಿಗೂ ಅನುಮಾನ ಬಾರದ ಫೋಲಿಕ್ ಆಸಿಡ್‌ನಿಂದ.

ಕ್ಯಾಪೆಸಿಟಬಿನ್ ದೇಹದೊಳಗೆ 5-ಎಫ್‌ಯು ಎಂಬ ಕೀಮೋ ಔಷಧವಾಗಿ ಬದಲಾಗುತ್ತದೆ. ಅದರಿಂದ ಹುಟ್ಟುವ ಒಂದು ಅಂಶ ಥೈಮಿಡಿಲೇಟ್ ಸಿಂಥೇಸ್ ಎಂಬ ಕಿಣ್ವಕ್ಕೆ ಅಂಟಿಕೊಂಡು, ಜೀವಕೋಶ ಹೊಸ ಡಿಎನ್‌ಎ ಕಟ್ಟದಂತೆ ತಡೆಯುತ್ತದೆ. ಈ ಅಂಟು ಗಟ್ಟಿಯಾಗಿ ನಿಲ್ಲುವುದಕ್ಕೆ ಫೋಲೇಟ್ (ಫೋಲಿಕ್ ಆಸಿಡ್ ಸೇರಿರುವ ವಿಟಮಿನ್ ಬಳಗ) ಬೇಕು. ಫೋಲೇಟ್ ಹೆಚ್ಚಿದ್ದಷ್ಟೂ ಹಿಡಿತ ಬಿಗಿ. 5-ಎಫ್‌ಯು ಡ್ರಿಪ್ ಜೊತೆ ಲ್ಯೂಕೊವೊರಿನ್ (ಫೋಲಿನಿಕ್ ಆಸಿಡ್, ಫೋಲೇಟಿನ ಒಂದು ರೂಪ) ಕೊಡುವುದೇ ಈ ಕಾರಣಕ್ಕೆ, ಆದರೆ ಅಲ್ಲಿ 5-ಎಫ್‌ಯು ಡೋಸನ್ನು ಅದಕ್ಕೆ ತಕ್ಕಂತೆ ಲೆಕ್ಕ ಹಾಕಿರುತ್ತಾರೆ. ಕ್ಯಾಪೆಸಿಟಬಿನ್ ಡೋಸ್ ಹಾಕುವಾಗ ಪಕ್ಕದಲ್ಲಿ ಫೋಲಿಕ್ ಆಸಿಡ್ ಇದೆ ಎಂಬ ಲೆಕ್ಕ ಇರುವುದಿಲ್ಲ. ಹೀಗಾಗಿ ಬಾಯಿ, ಕರುಳು, ಅಂಗೈ, ಅಂಗಾಲಿನ ಆರೋಗ್ಯವಂತ ಜೀವಕೋಶಗಳ ಮೇಲೂ ಪೆಟ್ಟು ಜೋರಾಗುತ್ತದೆ. ಭೇದಿ, ಬಾಯಿ ಹುಣ್ಣು, ಕೈಕಾಲು ಕೆಂಪಾಗಿ ಸುಲಿಯುವುದು, ಬಿಳಿ ರಕ್ತಕಣ ಇಳಿಯುವುದು ಎಲ್ಲ ಹೆಚ್ಚುತ್ತವೆ.

ಎಷ್ಟು ಜೋರು ಎನ್ನುವುದಕ್ಕೆ ಔಷಧದ ಅಧಿಕೃತ ಮಾಹಿತಿಯಲ್ಲೇ ಅಂಕಿ ಇದೆ. ಕ್ಯಾಪೆಸಿಟಬಿನ್ ಒಂದನ್ನೇ ಕೊಟ್ಟಾಗ ದೇಹ ತಾಳಿದ ಗರಿಷ್ಠ ಡೋಸ್ ದಿನಕ್ಕೆ ದೇಹದ ಮೇಲ್ಮೈಯ ಚದರ ಮೀಟರಿಗೆ 3000 ಮಿ.ಗ್ರಾಂ. ಫೋಲಿನಿಕ್ ಆಸಿಡ್ 30 ಮಿ.ಗ್ರಾಂ. ದಿನಕ್ಕೆರಡು ಸಲ ಸೇರಿಸಿದಾಗ ಅದು 2000ಕ್ಕೆ ಇಳಿಯಿತು. ಸಪ್ಲಿಮೆಂಟಿನಲ್ಲಿ ಅಷ್ಟು ಪ್ರಮಾಣ ಇರುವುದಿಲ್ಲ, ನಿಜ. ಆದರೆ ನಮ್ಮಲ್ಲಿ ಸಿಗುವ ಸ್ಟ್ರಿಪ್‌ಗಳ ಹಿಂಭಾಗ ಓದಿ ಕೂಡಿಸಿ ನೋಡಿ:

ಫೆರಸ್ ಆಸ್ಕಾರ್ಬೇಟ್ 100 ಮಿ.ಗ್ರಾಂ. ಇರುವ ಕಬ್ಬಿಣದ ಮಾತ್ರೆಯಲ್ಲಿ ಸಾಮಾನ್ಯವಾಗಿ ಫೋಲಿಕ್ ಆಸಿಡ್ 1.5 ಮಿ.ಗ್ರಾಂ. ಮೀಥೈಲ್‌ಕೊಬಾಲಮಿನ್ 1500 ಮೈಕ್ರೋಗ್ರಾಂ ಮತ್ತು ಆಲ್ಫಾ ಲಿಪೊಯಿಕ್ ಆಸಿಡ್ 100 ಇರುವ ನರದ ಕ್ಯಾಪ್ಸೂಲಿನಲ್ಲಿ ಇನ್ನೊಂದು 1.5. ಬಿ-ಕಾಂಪ್ಲೆಕ್ಸ್‌ನ ಹಲವು ಬ್ರಾಂಡ್‌ಗಳಲ್ಲಿ 1ರಿಂದ 1.5. ನಿಮ್ಮ ಒಂದನೇ ಕೇಸಿನವರು ಕೇಳಿದ ಮೂರನ್ನೂ ಕೊಟ್ಟರೆ ದಿನಕ್ಕೆ 4ರಿಂದ 4.5 ಮಿ.ಗ್ರಾಂ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 220–300 ಮೈಕ್ರೋಗ್ರಾಂ. ಅಂದರೆ ಹದಿನೈದು ಪಟ್ಟಿನ ಆಸುಪಾಸು. "ಫೋಲಿಕ್ ಆಸಿಡ್" ಎನ್ನುವ ಹೆಸರಿನ ಸ್ಟ್ರಿಪ್ ಒಂದೂ ಇಲ್ಲದೆಯೇ ಇದಾಗುತ್ತದೆ. ಲೇಬಲ್‌ನಲ್ಲಿ ಎಲ್-ಮೀಥೈಲ್‌ಫೋಲೇಟ್ ಎಂದಿದ್ದರೂ ಅದು ಇದೇ ಲೆಕ್ಕಕ್ಕೆ ಬರಬೇಕು.

ಕರುಳಿನ ಕ್ಯಾನ್ಸರಿನವರಿಗೆ ರಕ್ತ ಹೋಗಿ ಹಿಮೋಗ್ಲೋಬಿನ್ ಇಳಿದಿರುವುದು ಮಾಮೂಲು. ಹಾಗಾಗಿ ಆಪರೇಷನ್ ಮಾಡಿದ ವಾರ್ಡಿನಿಂದ ಡಿಸ್ಚಾರ್ಜ್ ಆಗುವಾಗ ಬರೆದ ಕಬ್ಬಿಣದ ಮಾತ್ರೆ, ಕೀಮೋ ಶುರುವಾದ ಮೇಲೂ ಯಾರೂ ಗಮನಿಸದೆ ಮುಂದುವರಿಯುತ್ತದೆ. ನೀವು ಹಿಡಿಯಬೇಕಾದ ಜಾಗ ಇದೇ. ಕಬ್ಬಿಣ ಬೇಕೇ ಬೇಕು ಎಂದಾದರೆ ಫೋಲಿಕ್ ಆಸಿಡ್ ಸೇರದ ಮಾತ್ರೆ ಇದೆ, ಡ್ರಿಪ್ ಕಬ್ಬಿಣವೂ ಇದೆ. ಬಿ12 ಕೊರತೆ ಇದ್ದರೆ ಬಿ12 ಒಂದೇ ಇರುವ ಮಾತ್ರೆ ಅಥವಾ ಇಂಜೆಕ್ಷನ್. ರಕ್ತಪರೀಕ್ಷೆಯಲ್ಲಿ ಫೋಲೇಟ್ ಕೊರತೆಯೇ ಕಂಡಿದ್ದರೆ ಕೊಡುವುದೋ ಬೇಡವೋ, ಎಷ್ಟು ಎನ್ನುವುದನ್ನು ಆಂಕಾಲಜಿಸ್ಟ್ (ಕ್ಯಾನ್ಸರ್ ಡಾಕ್ಟರ್) ತೀರ್ಮಾನಿಸಲಿ. ಬೇರೆ ಡಾಕ್ಟರ್ ಬರೆದದ್ದನ್ನು ನೀವಾಗಿ ನಿಲ್ಲಿಸಬೇಡಿ; "ಇದರಲ್ಲಿ ಫೋಲಿಕ್ ಆಸಿಡ್ 1.5 ಇದೆ, ಕೀಮೋ ಡಾಕ್ಟರಿಗೆ ತೋರಿಸಿ" ಎಂದು ಸ್ಟ್ರಿಪ್ ಮೇಲೇ ಪೆನ್ನಿನಲ್ಲಿ ಬರೆದುಕೊಡಿ.

ಇದೇ ಚೀಟಿಯಲ್ಲಿ ವಾರ್ಫರಿನ್ ಅಥವಾ ಅಸಿನೊಕೌಮರಾಲ್ (ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ) ಕಂಡರೆ ಅದನ್ನೂ ಹೇಳಿ. ಕ್ಯಾಪೆಸಿಟಬಿನ್ ಜೊತೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) ಏರಿ ರಕ್ತಸ್ರಾವ ಆಗಬಹುದು. ಫಿಟ್ಸ್‌ಗೆ ಫೆನಿಟೋಯಿನ್ ತಗೊಳ್ಳುವವರಲ್ಲಿ ಅದರ ಮಟ್ಟ ಏರುತ್ತದೆ.

ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಲೇಬೇಕಾದದ್ದು: ಕ್ಯಾಪೆಸಿಟಬಿನ್ ಊಟವಾದ ಅರ್ಧ ಗಂಟೆಯೊಳಗೆ, ನೀರಿನ ಜೊತೆ. ಮಾಮೂಲಿಗಿಂತ ದಿನಕ್ಕೆ ನಾಲ್ಕು ಸಲ ಹೆಚ್ಚು ಭೇದಿಯಾದರೆ, ಅಥವಾ ರಾತ್ರಿ ನಿದ್ದೆಯಿಂದ ಎದ್ದು ಹೋಗುವಂತಾದರೆ, ಮುಂದಿನ ಡೋಸ್ ತಗೊಳ್ಳದೆ ಅವತ್ತೇ ಆಸ್ಪತ್ರೆಗೆ ಫೋನ್ ಮಾಡಬೇಕು. "ಇನ್ನೆರಡು ದಿನ ಅಷ್ಟೇ, ಕೋರ್ಸ್ ಮುಗಿಸಿಬಿಡೋಣ" ಅಂತ ನುಂಗಿಕೊಂಡು ಕೂರುವವರೇ ಐಸಿಯು ಸೇರುವುದು.

ಕೌಂಟರ್_ದಾವಣಗೆರೆ:

ತುಂಬಾ ಉಪಯೋಗ ಆಯ್ತು ಸರ್. ಎರಡು ಉಪಪ್ರಶ್ನೆ. ರೇಷನ್ ಅಕ್ಕಿಯಲ್ಲಿ ಸಾರವರ್ಧಿತ ಕಾಳು ಬೆರೆಸಿದ್ದೂ ಇರುತ್ತೆ, ಅದರಲ್ಲೂ ಫೋಲಿಕ್ ಆಸಿಡ್ ಇದೆಯಲ್ಲ? ಸೊಪ್ಪು ತಿನ್ನಬಾರದಾ ಅಂತಲೂ ಕೇಳ್ತಾರೆ.

ಕ್ಲಿನಿಕಲ್_ಫಾರ್ಮಸಿ_ಮಂಗಳೂರು:

ಎರಡೂ ತಿನ್ನಲಿ. ಸಾರವರ್ಧಿತ ಅಕ್ಕಿಯ ಮಾನದಂಡ ಕಿಲೋಗೆ ಫೋಲಿಕ್ ಆಸಿಡ್ 75–125 ಮೈಕ್ರೋಗ್ರಾಂ. ದಿನಕ್ಕೆ 200 ಗ್ರಾಂ ಅಕ್ಕಿ ಉಂಡರೆ 15–25 ಮೈಕ್ರೋಗ್ರಾಂ ಸಿಗುತ್ತದೆ. ಒಂದು ನರದ ಕ್ಯಾಪ್ಸೂಲಿನಲ್ಲಿರುವುದು 1500. ಆ ಒಂದು ಕ್ಯಾಪ್ಸೂಲಿನಷ್ಟಾಗಬೇಕಾದರೆ ದಿನಕ್ಕೆ ಹನ್ನೆರಡು ಕಿಲೋಗೂ ಹೆಚ್ಚು ಅಕ್ಕಿ ಉಣ್ಣಬೇಕು. ಪಾಲಕ್, ಮೆಂತ್ಯ, ಹರಿವೆ ಸೊಪ್ಪಿನ ಫೋಲೇಟ್ ಬೇಯಿಸುವಾಗಲೇ ಒಂದಷ್ಟು ಹೋಗುತ್ತದೆ, ಉಳಿದದ್ದು ಊಟದ ಪ್ರಮಾಣದ್ದು. ಮೊದಲೇ ಹಸಿವಿಲ್ಲದೆ ತೂಕ ಇಳಿಯುತ್ತಿರುವವರಿಗೆ ಸೊಪ್ಪು, ಬೇಳೆ, ಅನ್ನ ಕಸಿಯುವುದು ಸಲ್ಲದು. ಭೇದಿ ಇರುವ ದಿನಗಳಲ್ಲಿ ಮಾತ್ರ ಸೊಪ್ಪು ಕಡಿಮೆ ಮಾಡಿ ಗಂಜಿ, ಮಜ್ಜಿಗೆ ಅನ್ನ, ಬಾಳೆಹಣ್ಣು.

ಇನ್ನು ನಿಮ್ಮ ಎರಡು ಗಂಟೆ ಗ್ಯಾಪ್. ಅದು ಕೆಲಸ ಮಾಡುವುದು ಹೊಟ್ಟೆಯೊಳಗೆ ಎರಡು ವಸ್ತು ಒಂದಕ್ಕೊಂದು ಅಂಟುವ ಸಂದರ್ಭದಲ್ಲಿ ಮಾತ್ರ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂ ಅಥವಾ ಕಬ್ಬಿಣಕ್ಕೂ ನಾಲ್ಕು ಗಂಟೆ ಅಂತರ ಬೇಕು ಎನ್ನುತ್ತೇವಲ್ಲ, ಹಾಗೆ. ಫೋಲೇಟ್ ಜೀವಕೋಶದೊಳಗೆ ಶೇಖರವಾಗುವ ವಸ್ತು, ಗಂಟೆಯ ಅಂತರ ಕೊಟ್ಟು ಏನೂ ಪ್ರಯೋಜನವಿಲ್ಲ. ಕಿಣ್ವಗಳನ್ನು ತಡೆಯುವ ಅಥವಾ ಹೆಚ್ಚಿಸುವ ವಸ್ತುಗಳಿಗೂ ಅಷ್ಟೇ. ಇಮಾಟಿನಿಬ್ ಎಂಬ ಕ್ಯಾನ್ಸರ್ ಮಾತ್ರೆ ತಗೊಳ್ಳುವವರನ್ನು ನೋಡಿ. ಗ್ರೇಪ್‌ಫ್ರೂಟ್ ಔಷಧವನ್ನು ಒಡೆಯುವ, ಕರುಳಿನ ಗೋಡೆಯ ಸಿವೈಪಿ 3ಎ4 ಕಿಣ್ವವನ್ನೇ ಕೆಡಿಸುತ್ತದೆ, ಹೊಸ ಕಿಣ್ವ ಹುಟ್ಟಲು ಒಂದರಿಂದ ಮೂರು ದಿನ ಬೇಕು. ಬೆಳಿಗ್ಗೆ ಹಣ್ಣು, ರಾತ್ರಿ ಮಾತ್ರೆ ಎಂದರೂ ಔಷಧದ ಮಟ್ಟ ಏರಬಹುದು. ನಮ್ಮ ಚಕ್ಕೋತ ಅದೇ ಬಳಗದ್ದು, ಅದರಲ್ಲೂ ಕಿಣ್ವ ಕೆಡಿಸುವ ಅಂಥದೇ ಫ್ಯುರಾನೊಕೌಮರಿನ್‌ಗಳಿವೆ. ಇಮಾಟಿನಿಬ್, ನಿಲೋಟಿನಿಬ್, ಲಪಾಟಿನಿಬ್, ಪಾಲ್ಬೊಸಿಕ್ಲಿಬ್, ಇಬ್ರೂಟಿನಿಬ್ ತಗೊಳ್ಳುವವರಿಗೆ ದೇವನಹಳ್ಳಿ ಚಕ್ಕೋತ ಎಷ್ಟೇ ಸಿಹಿಯಾಗಿದ್ದರೂ ಬೇಡ ಎನ್ನಿ. ಮಾಮೂಲಿ ಕಿತ್ತಳೆ, ಮೂಸಂಬಿಗೆ ಈ ತಕರಾರಿಲ್ಲ.

ಇದರ ತದ್ವಿರುದ್ಧ ದಿಕ್ಕಿನದು ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ. ಮನಸ್ಸಿನ ಬೇಸರಕ್ಕೆಂದು ಆನ್‌ಲೈನ್‌ನಲ್ಲಿ ತರಿಸಿಕೊಳ್ಳುತ್ತಾರೆ. ಇದು ಕಿಣ್ವವನ್ನು ಹೆಚ್ಚಿಸಿ ಔಷಧವನ್ನು ಬೇಗ ಹೊರಹಾಕಿಸುತ್ತದೆ. ಇಮಾಟಿನಿಬ್ ಮಟ್ಟ ಶೇ. 30ರಷ್ಟು, ಇರಿನೊಟೆಕಾನ್ ಎಂಬ ಕೀಮೋ ಔಷಧದ ಸಕ್ರಿಯ ರೂಪ ಶೇ. 42ರಷ್ಟು ಇಳಿದದ್ದು ದಾಖಲಾಗಿದೆ. ನಿಲ್ಲಿಸಿದ ಮೇಲೂ ಪರಿಣಾಮ ಹೋಗಲು ಎರಡು ವಾರ ಹಿಡಿಯುತ್ತದೆ. ಹೋಮಿಯೋಪತಿ ಅಂಗಡಿಯ ಹೈಪೆರಿಕಮ್ ಮದರ್ ಟಿಂಕ್ಚರ್ ಅದೇ ಗಿಡದ ಸಾರ, ಹೆಸರು ಬೇರೆ ಎಂದು ಬಿಡಬೇಡಿ.

ಫಾರ್ಮಕಾಲಜಿ_ಪಾಠ:

ಎರಡನೇ ಕೇಸು, ಅರಿಶಿನದ ಕ್ಯಾಪ್ಸೂಲ್. ಇಲ್ಲಿ ಅರಿಶಿನಕ್ಕಿಂತ ಅದರ ಜೊತೆಗಿರುವ ಮೆಣಸಿನ ಸಾರವನ್ನು (ಪೈಪರಿನ್) ಮೊದಲು ನೋಡಬೇಕು.

ಕರ್ಕ್ಯುಮಿನ್ ಬಾಯಲ್ಲಿ ತಗೊಂಡರೆ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಯಕೃತ್ತು, ಕರುಳು ಅದನ್ನು ಕೂಡಲೇ ವಿಲೇವಾರಿ ಮಾಡಿಬಿಡುತ್ತವೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಫಾರ್ಮಕಾಲಜಿ ವಿಭಾಗದಿಂದ ಬಂದ ಅಧ್ಯಯನದಲ್ಲಿ, ಎರಡು ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿ.ಗ್ರಾಂ. ಪೈಪರಿನ್ ಕೊಟ್ಟಾಗ ಮನುಷ್ಯರಲ್ಲಿ ಹೀರಿಕೆ ಶೇ. 2000 ಹೆಚ್ಚಾಯಿತು. ಇವತ್ತು ಜಗತ್ತಿನ ಬಹುಪಾಲು ಕರ್ಕ್ಯುಮಿನ್ ಡಬ್ಬಿಗಳ ಮೇಲೆ ಕಾಣುವ "20 ಪಟ್ಟು" ಜಾಹೀರಾತಿನ ಮೂಲ ಇದೇ. ಜಾಹೀರಾತಿನಲ್ಲಿ ಇಲ್ಲದ ಮಾತು ಏನೆಂದರೆ, ಕರ್ಕ್ಯುಮಿನ್‌ಗೆ ಬಾಗಿಲು ತೆಗೆಯುವ ಪೈಪರಿನ್ ಬೇರೆ ಔಷಧಗಳಿಗೂ ಅದನ್ನೇ ಮಾಡುತ್ತದೆ. ಫೆನಿಟೋಯಿನ್, ಪ್ರೊಪ್ರನಲಾಲ್, ಥಿಯೋಫಿಲಿನ್ ಮಟ್ಟ ಏರಿಸುವುದು ಗೊತ್ತಿರುವ ಸಂಗತಿ. 10 ಮಿ.ಗ್ರಾಂ. ಪೈಪರಿನ್ ಎಂದರೆ ಹಗುರವಾಗಿ ಕಾಣಬಾರದು: 2009ರಲ್ಲಿ ನಮ್ಮ ದೇಶದಲ್ಲೇ ಬಂದ ಕ್ಷಯದ ಒಂದು ಸಂಯುಕ್ತ ಮಾತ್ರೆಯಲ್ಲಿ ಅಷ್ಟೇ ಪೈಪರಿನ್ ಸೇರಿಸಿ ರಿಫಾಂಪಿಸಿನ್ ಪ್ರಮಾಣವನ್ನು 450ರ ಬದಲು 200 ಮಿ.ಗ್ರಾಂ.ಗೆ ಇಳಿಸಿದ್ದರು.

ಟಾಮೋಕ್ಸಿಫೆನ್ ವಿಷಯದಲ್ಲಿ ನೇರ ಪರೀಕ್ಷೆಯೇ ಆಗಿದೆ. ಟಾಮೋಕ್ಸಿಫೆನ್ ಕೆಲಸ ಮಾಡುವುದು ಬಹುಮಟ್ಟಿಗೆ ಎಂಡಾಕ್ಸಿಫೆನ್ ಆಗಿ ಬದಲಾದ ಮೇಲೆ. ಅದಕ್ಕೆ ಸಿವೈಪಿ 2ಡಿ6 ಮತ್ತು 3ಎ4 ಕಿಣ್ವಗಳೆರಡೂ ಬೇಕು. ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಂನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಟಾಮೋಕ್ಸಿಫೆನ್ ತಗೊಳ್ಳುತ್ತಿದ್ದವರಿಗೆ ಕರ್ಕ್ಯುಮಿನ್ 1200 ಮಿ.ಗ್ರಾಂ. ದಿನಕ್ಕೆ ಮೂರು ಸಲ ಕೊಟ್ಟರು. ಎಂಡಾಕ್ಸಿಫೆನ್ ಶೇ. 7.7 ಇಳಿಯಿತು. ಪ್ರತಿ ಸಲ 10 ಮಿ.ಗ್ರಾಂ. ಪೈಪರಿನ್ ಸೇರಿಸಿದಾಗ ಶೇ. 12.4. ಕೇವಲ 16 ಜನರ ಅಧ್ಯಯನ, ಇಳಿಕೆಯೂ ಭಾರೀ ಅಲ್ಲ. ಹಾಗಂತ ಸುಮ್ಮನಿರುವಂತೆಯೂ ಇಲ್ಲ. ಎಂಡಾಕ್ಸಿಫೆನ್ ಮೊದಲೇ ಅಂಚಿನಲ್ಲಿರುವವರಿಗೆ ಇಷ್ಟು ಇಳಿಕೆ ಸಾಕು, ತಾವು ಅಂಚಿನಲ್ಲಿದ್ದೇವೆಂದು ಅವರಿಗೆ ತಿಳಿಯುವ ದಾರಿಯಿಲ್ಲ, ಮಾತ್ರೆಯನ್ನು ನುಂಗಬೇಕಾದದ್ದು ಐದು ಅಥವಾ ಹತ್ತು ವರ್ಷ. ಕ್ಯಾಪ್ಸೂಲಿನಿಂದ ಸಿಗುವ ಲಾಭ ಸಾಬೀತಾಗಿಲ್ಲದಿರುವಾಗ ಈ ಜೂಜು ಏಕೆ? ಅದೂ ಅಲ್ಲದೆ ಪೈಪರಿನ್ ಸೇರಿದ ಅರಿಶಿನದ ಕ್ಯಾಪ್ಸೂಲಿನಿಂದ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳು ಅಮೆರಿಕದಲ್ಲಿ ದಾಖಲಾಗಿವೆ.

"ಹಾಗಾದರೆ ಅಡುಗೆಗೆ ಅರಿಶಿನ ಹಾಕಬಾರದಾ?" ಅನ್ನುವ ಪ್ರಶ್ನೆ ಖಂಡಿತ ಬರುತ್ತದೆ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ಶೇ. 3. ಸಾರಿಗೆ ಹಾಕುವ ಕಾಲು ಚಮಚದಲ್ಲಿ ಇಪ್ಪತ್ತು ಮಿ.ಗ್ರಾಂ. ಇದ್ದೀತು, ಅದೂ ಮನೆಮಂದಿಗೆಲ್ಲ ಹಂಚಿಕೆಯಾಗಿ. "ಶೇ. 95" ಎಂದು ಬರೆದ 500 ಮಿ.ಗ್ರಾಂ. ಕ್ಯಾಪ್ಸೂಲ್ ಒಂದರಲ್ಲೇ 475. ಅಡುಗೆಯ ಅರಿಶಿನಕ್ಕೆ ಯಾವ ಅಡ್ಡಿಯೂ ಇಲ್ಲ.

ಮೆಣಸಿನ ಮಾತು ಸ್ವಲ್ಪ ಬೇರೆ, ಇದನ್ನು ಮುಚ್ಚಿಡಬಾರದು. ಕಾಳುಮೆಣಸಿನಲ್ಲಿ ಪೈಪರಿನ್ ಸುಮಾರು ಶೇ. 5, ಅಂದರೆ ಒಂದು ಗ್ರಾಂ ಮೆಣಸಿನಲ್ಲಿ 50 ಮಿ.ಗ್ರಾಂ. ಆಸುಪಾಸು. ಪೊಂಗಲ್‌ನಲ್ಲಿ ಸಿಗುವ ನಾಲ್ಕು ಕಾಳು, ವಾರಕ್ಕೊಮ್ಮೆ ಮೆಣಸಿನ ಸಾರು ಪರವಾಗಿಲ್ಲ. ಆದರೆ ಕೆಮ್ಮು, ಕಫ, ರೋಗನಿರೋಧಕ ಶಕ್ತಿ ಅಂತ ದಿನಾ ಅರ್ಧ ಚಮಚ ಮೆಣಸು ಕುಟ್ಟಿ ಕಷಾಯ ಕುಡಿಯುವವರಿಗೆ ಕ್ಯಾಪ್ಸೂಲಿನಷ್ಟೇ ಪೈಪರಿನ್ ಹೋಗುವ ಸಾಧ್ಯತೆ ಇದೆ. ತ್ರಿಕಟು ಚೂರ್ಣದಲ್ಲಿ ಮೆಣಸು, ಹಿಪ್ಪಲಿ ಎರಡೂ ಪೈಪರಿನ್‌ನ ಮೂಲಗಳು. ಬಾಯಲ್ಲಿ ತಗೊಳ್ಳುವ ಕ್ಯಾನ್ಸರ್ ಮಾತ್ರೆ ನಡೆಯುವಷ್ಟು ಕಾಲ ಇವುಗಳ ನಿತ್ಯಸೇವನೆ ಬೇಡ.

ಟಾಮೋಕ್ಸಿಫೆನ್‌ನವರು ಮೈ ಬಿಸಿಯೇರುವ ತೊಂದರೆಗೆ ಸೋಯಾ ಐಸೊಫ್ಲೇವೋನ್ ಕ್ಯಾಪ್ಸೂಲ್ ಕೇಳಿದರೆ ಕೊಡಬೇಡಿ. ಅಡುಗೆಗೆ ಬಳಸುವ ಸೋಯಾ ಬೇರೆ, ಅದು ಇರಲಿ.

ಡೇಕೇರ್_ನರ್ಸ್_ಹುಬ್ಬಳ್ಳಿ:

ನರದ ಕ್ಯಾಪ್ಸೂಲಿನ ಬಗ್ಗೆ ಇನ್ನೊಂದು ಮುಖ್ಯ ಸಂಗತಿ ಉಳಿಯಿತು. ಫೋಲಿಕ್ ಆಸಿಡ್ ಇಲ್ಲದ ಬ್ರಾಂಡ್ ಹುಡುಕಿ ಕೊಡುವಾಗ ಅದರಲ್ಲಿ ಅಸಿಟೈಲ್-ಎಲ್-ಕಾರ್ನಿಟೀನ್ ಇದೆಯೇ ನೋಡಿ. ಪ್ಯಾಕ್ಲಿಟಾಕ್ಸೆಲ್, ಡೊಸಿಟಾಕ್ಸೆಲ್ ಎಂಬ ಕೀಮೋ ಔಷಧ ತಗೊಳ್ಳುತ್ತಿದ್ದ 409 ಮಹಿಳೆಯರ ಮೇಲೆ ಅಮೆರಿಕದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಜೋಮು ಬಾರದಿರಲಿ ಎಂದು ಅದನ್ನು ದಿನಕ್ಕೆ 3 ಗ್ರಾಂನಂತೆ 24 ವಾರ ಕೊಟ್ಟರು. ಜೋಮು ಕಡಿಮೆಯಾಗುವ ಬದಲು ಹೆಚ್ಚಾಯಿತು. ನಮ್ಮ ಕ್ಯಾಪ್ಸೂಲುಗಳಲ್ಲಿ ಡೋಸ್ ಅದಕ್ಕಿಂತ ಕಡಿಮೆ ಇರಬಹುದು, ಆದರೆ ಕೊಡಲು ಒಂದು ಕಾರಣವಾದರೂ ಬೇಕಲ್ಲ.

ಆಕ್ಸಾಲಿಪ್ಲಾಟಿನ್ ಡ್ರಿಪ್ ಆದ ಮೊದಲ ದಿನಗಳ ಜುಮ್ಮೆನ್ನುವಿಕೆ ತಣ್ಣನೆಯದಕ್ಕೆ ಸಂಬಂಧಪಟ್ಟದ್ದು. ಫ್ರಿಜ್ ನೀರು, ಐಸ್‌ಕ್ರೀಂ, ಬೆಳಗಿನ ಜಾವದ ತಣ್ಣೀರಿನಲ್ಲಿ ಪಾತ್ರೆ ತೊಳೆಯುವುದು, ಬೈಕಿನ ಮೇಲೆ ಮುಖಕ್ಕೆ ಗಾಳಿ, ಇವೆಲ್ಲ ಐದು ದಿನ ಬೇಡ. ಬೆಚ್ಚಗಿನ ನೀರು ಕುಡಿಯಲಿ, ಕೈಗವಸು ಹಾಕಲಿ. ಇದಕ್ಕೆ ಯಾವ ವಿಟಮಿನ್ನೂ ಮದ್ದಲ್ಲ. ದಿನ ಕಳೆದಂತೆ ಗುಂಡಿ ಹಾಕಲು ಆಗದಷ್ಟು, ಚಪ್ಪಲಿ ಜಾರಿದ್ದು ತಿಳಿಯದಷ್ಟು ಜೋಮಾದರೆ ಡಾಕ್ಟರ್ ಆಕ್ಸಾಲಿಪ್ಲಾಟಿನ್ ಡೋಸನ್ನೇ ಕಡಿಮೆ ಮಾಡಬೇಕು ಅಥವಾ ನಿಲ್ಲಿಸಬೇಕು. ಇದನ್ನು ಹೇಳದೆ ಕ್ಯಾಪ್ಸೂಲ್ ನುಂಗುತ್ತಾ ದಿನ ದೂಡಿದರೆ ಕಾಯಂ ಹಾನಿ. ಈಗಾಗಲೇ ನೋವಿನ ಜೋಮು ಇರುವವರಿಗೆ ಉಪಯೋಗ ಸಾಬೀತಾಗಿರುವ ಮಾತ್ರೆ ಡುಲೋಕ್ಸಿಟಿನ್, ಚೀಟಿ ಬೇಕು. ಟಾಮೋಕ್ಸಿಫೆನ್‌ನವರಾದರೆ ಅದನ್ನೂ ವಿಚಾರಿಸಿಯೇ ಬರೆಯಬೇಕು, ಅದು ಸಿವೈಪಿ 2ಡಿ6 ಕಿಣ್ವವನ್ನು ಒಂದಷ್ಟು ತಡೆಯುತ್ತದೆ.

ಕ್ಯಾಪೆಸಿಟಬಿನ್‌ನಿಂದ ಅಂಗೈ ಅಂಗಾಲು ಸುಲಿಯದಿರಲಿ ಅಂತ ಪಿರಿಡಾಕ್ಸಿನ್ (ಬಿ6) 100 ಕೊಡುವ ರೂಢಿ ಇನ್ನೂ ಇದೆ. ಪರೀಕ್ಷೆಗಳಲ್ಲಿ ಅದರಿಂದ ತಡೆ ಸಿಕ್ಕಿಲ್ಲ, ಬಿ6 ಹೆಚ್ಚಾದರೆ ಅದೇ ಜೋಮು ತರುತ್ತದೆ. ಅದರ ಬದಲು ದೆಹಲಿಯ ಏಮ್ಸ್‌ನ 264 ರೋಗಿಗಳ ಅಧ್ಯಯನ ನೋಡಿ: ಡೈಕ್ಲೋಫೆನಾಕ್ ಶೇ. 1 ಜೆಲ್ ದಿನಕ್ಕೆರಡು ಸಲ ಕೈಗೆ ಹಚ್ಚಿದವರಲ್ಲಿ ಮಧ್ಯಮ, ತೀವ್ರ ಹಂತದ ಕೈಕಾಲು ತೊಂದರೆ ಶೇ. 3.8, ಔಷಧವಿಲ್ಲದ ಬರೀ ಜೆಲ್ ಹಚ್ಚಿದವರಲ್ಲಿ ಶೇ. 15. ಆಂಕಾಲಜಿಸ್ಟ್‌ಗೆ ಹೇಳಿ ಮೊದಲ ಸೈಕಲ್‌ನಿಂದಲೇ ಶುರು ಮಾಡಬಹುದು. ಯೂರಿಯಾ ಶೇ. 10 ಕ್ರೀಂ ಕೂಡ ಒಳ್ಳೆಯದು.

ಇನ್ನೊಂದು, ಭೇದಿಗೆ ಕೊಡುವ ಯೀಸ್ಟ್ ಸ್ಯಾಚೆಟ್. ಸ್ಯಾಕರೊಮೈಸಿಸ್ ಬೌಲಾರ್ಡಿ ಇರುವುದನ್ನು ಕೀಮೋಪೋರ್ಟ್ ಅಥವಾ ಪಿಕ್ ಲೈನ್ (ರಕ್ತನಾಳದಲ್ಲೇ ಉಳಿಸುವ ನಳಿಕೆ) ಹಾಕಿರುವವರಿಗೆ, ಬಿಳಿ ರಕ್ತಕಣ ಇಳಿದವರಿಗೆ ಕೊಡಬೇಡಿ. ಯೀಸ್ಟ್ ರಕ್ತಕ್ಕೆ ಸೇರಿ ಸೋಂಕಾದ ಪ್ರಕರಣಗಳಿವೆ. ಸ್ಯಾಚೆಟ್ ಹರಿದ ಕೈಯಲ್ಲೇ ಲೈನ್ ಮುಟ್ಟಿದರೂ ಸಾಕು.

ಲ್ಯಾಬ್_ಬಯೋಕೆಮಿಸ್ಟ್ರಿ:

ಬಯೋಟಿನ್ 10 ಮಿ.ಗ್ರಾಂ. ಬಗ್ಗೆ ನಾನು ಹೇಳ್ತೀನಿ. ಇದು ಔಷಧದ ಜೊತೆ ಜಗಳ ಆಡುವುದಿಲ್ಲ, ರಕ್ತಪರೀಕ್ಷೆಯನ್ನು ಕೆಡಿಸುತ್ತದೆ. ಅದರಿಂದ ಚಿಕಿತ್ಸೆಯೇ ತಪ್ಪು ದಾರಿ ಹಿಡಿಯಬಹುದು.

ದಿನಕ್ಕೆ ಬೇಕಾದ ಬಯೋಟಿನ್ 30–40 ಮೈಕ್ರೋಗ್ರಾಂ. ಕೂದಲಿನ ಮಾತ್ರೆಯಲ್ಲಿರುವುದು ಅದರ 250 ಪಟ್ಟಿಗೂ ಹೆಚ್ಚು. ಹಾರ್ಮೋನ್, ಟ್ಯೂಮರ್ ಮಾರ್ಕರ್ (ಕ್ಯಾನ್ಸರಿನ ಸುಳಿವು ಕೊಡುವ ರಕ್ತದ ಅಂಶ) ಅಳೆಯುವ ಹಲವು ಯಂತ್ರಗಳು ಬಯೋಟಿನ್–ಸ್ಟ್ರೆಪ್ಟಾವಿಡಿನ್ ಜೋಡಿಯ ಅಂಟಿನ ಮೇಲೆ ನಿಂತಿವೆ. ರಕ್ತದಲ್ಲೇ ಬಯೋಟಿನ್ ತುಂಬಿದ್ದರೆ ಆ ಜಾಗಗಳನ್ನು ಅದೇ ಆಕ್ರಮಿಸುತ್ತದೆ. ಸ್ಯಾಂಡ್‌ವಿಚ್ ಮಾದರಿಯ ಪರೀಕ್ಷೆಗಳು ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತವೆ, ಸ್ಪರ್ಧಾತ್ಮಕ ಮಾದರಿಯವು ಹೆಚ್ಚು ತೋರಿಸುತ್ತವೆ. ಅಮೆರಿಕದ ಎಫ್‌ಡಿಎ 2017ರಲ್ಲೇ ಎಚ್ಚರಿಕೆ ಕೊಟ್ಟಿತು. ಹೃದಯಾಘಾತಕ್ಕೆ ನೋಡುವ ಟ್ರೋಪೊನಿನ್ ಕೂಡ ಸುಳ್ಳಾಗಿ ಕಡಿಮೆ ಬರಬಹುದು.

ನಿಮ್ಮ ಟಾಮೋಕ್ಸಿಫೆನ್ ಕೇಸಿನಲ್ಲಿ ಇದರ ಅರ್ಥ: ಸ್ತನ ಕ್ಯಾನ್ಸರಿನ ಮಾರ್ಕರ್ ಸಿಎ 15-3 ಏರಿದ್ದರೂ ಏರಿಲ್ಲ ಎಂದು ಕಾಣಬಹುದು. ಟಿಎಸ್‌ಎಚ್ ಕಡಿಮೆ, ಟಿ4 ಹೆಚ್ಚು ಎಂದು ಬಂದು ಇಲ್ಲದ ಥೈರಾಯ್ಡ್ ಕಾಯಿಲೆಗೆ ಮಾತ್ರೆ ಶುರುವಾಗಬಹುದು. ಎಲ್ಲಕ್ಕಿಂತ ಸೂಕ್ಷ್ಮವಾದದ್ದು, ಮುಟ್ಟು ನಿಂತಿದೆಯೇ ಎಂದು ನೋಡಿ ಟಾಮೋಕ್ಸಿಫೆನ್‌ನಿಂದ, ಮುಟ್ಟು ನಿಂತವರಿಗೆ ಕೊಡುವ ಲೆಟ್ರೊಜೋಲ್‌ಗೆ ಬದಲಾಯಿಸುವ ಹಂತ. ಬಯೋಟಿನ್ ಇದ್ದರೆ ಮುಟ್ಟಿಗೆ ಸಂಬಂಧಿಸಿದ ಹಾರ್ಮೋನ್‌ಗಳಾದ ಎಸ್ಟ್ರಾಡಿಯಾಲ್ ಹೆಚ್ಚಾಗಿ, ಎಫ್‌ಎಸ್‌ಎಚ್ ಕಡಿಮೆಯಾಗಿ ಬರಬಹುದು. ಮುಟ್ಟು ನಿಂತವರೂ ನಿಲ್ಲದವರಂತೆ ಕಾಣುತ್ತಾರೆ, ಬದಲಾವಣೆ ಮುಂದಕ್ಕೆ ಹೋಗುತ್ತದೆ.

ಬಯೋಟಿನ್ ಕೊಟ್ಟರೆ ಕವರಿನ ಮೇಲೆ "ರಕ್ತಪರೀಕ್ಷೆಗೆ 3 ದಿನ ಮೊದಲು ನಿಲ್ಲಿಸಿ, ಲ್ಯಾಬಿನಲ್ಲಿ ಹೇಳಿ" ಎಂದು ಬರೆಯಿರಿ. ಕಿಡ್ನಿ ಕೆಲಸ ಕಡಿಮೆ ಇದ್ದರೆ ಇನ್ನೂ ಮೊದಲೇ. ಕೀಮೋ ಮುಗಿದ ಮೇಲೆ ಕೂದಲು ತಾನಾಗಿಯೇ ಬರುತ್ತದೆ, ಬಯೋಟಿನ್ ಕೊರತೆ ಇಲ್ಲದವರಿಗೆ ಈ ಮಾತ್ರೆ ಬೇಕಾಗಿಯೇ ಇಲ್ಲ. ಮಲ್ಟಿವಿಟಮಿನ್‌ನಲ್ಲಿರುವ ಮೈಕ್ರೋಗ್ರಾಂ ಲೆಕ್ಕದ ಬಯೋಟಿನ್‌ನಿಂದ ತೊಂದರೆ ಆಗುವುದಿಲ್ಲ.

ಹೆಮಟೋ_ರೆಸಿಡೆಂಟ್:

ಮೂರನೇ ಕೇಸು. ಬಾರ್ಟೆಜೊಮಿಬ್ ಅಣುವಿನಲ್ಲಿ ಬೋರೋನಿಕ್ ಆಸಿಡ್ ಭಾಗ ಇದೆ, ಔಷಧದ ಕೆಲಸ ನಡೆಯುವುದೇ ಅದರಿಂದ. ಗ್ರೀನ್ ಟೀಯಲ್ಲಿರುವ ಇಜಿಸಿಜಿ ಎಂಬ ಅಂಶ ನೇರವಾಗಿ ಹೋಗಿ ಅದನ್ನೇ ಹಿಡಿದುಕೊಳ್ಳುತ್ತದೆ. 2009ರಲ್ಲಿ ಬಂದ ಪ್ರಯೋಗಗಳಲ್ಲಿ ಮೈಲೋಮಾ ಕೋಶಗಳ ಮೇಲೆ ಔಷಧ ನಿಷ್ಕ್ರಿಯವಾಯಿತು. ಆಮೇಲೆ 2011ರಲ್ಲಿ, ಆಹಾರದಿಂದ ಸಿಗುವಷ್ಟು ಮಟ್ಟದಲ್ಲಿ ಇಲಿಗಳಲ್ಲಿ ಅಂಥ ತಡೆ ಕಾಣಲಿಲ್ಲ ಎಂಬ ವರದಿಯೂ ಬಂತು. ಎರಡನ್ನೂ ಇಟ್ಟುಕೊಂಡು ನನ್ನ ಅಭಿಪ್ರಾಯ ಇಷ್ಟು: ಎಕ್ಸ್‌ಟ್ರಾಕ್ಟ್ ಕ್ಯಾಪ್ಸೂಲ್ ಸಂಪೂರ್ಣ ಬೇಡ. ಮನೆಯ ಹಾಲು ಹಾಕಿದ ಚಹಾ ಇರಲಿ. ಗ್ರೀನ್ ಟೀ ಬಿಟ್ಟರೆ ಕಳೆದುಕೊಳ್ಳುವುದೇನೂ ಇಲ್ಲ, ಬಿಟ್ಟುಬಿಡಲಿ.

ವಿಟಮಿನ್ ಸಿ ಕೂಡ ಪ್ರಯೋಗಾಲಯದಲ್ಲಿ, ಇಲಿಗಳಲ್ಲಿ ಬಾರ್ಟೆಜೊಮಿಬ್ ಪರಿಣಾಮ ತಗ್ಗಿಸಿದೆ. 500ರ ಚೀಪುವ ಮಾತ್ರೆಯನ್ನು ಮಿಠಾಯಿಯಂತೆ ದಿನಕ್ಕೆ ಮೂರ್ನಾಲ್ಕು ತಿನ್ನುವವರಿದ್ದಾರೆ, ಅದು ಬೇಡ. ಚಿತ್ರಾನ್ನಕ್ಕೆ ನಿಂಬೆಹಣ್ಣು, ಒಂದು ಕಿತ್ತಳೆ, ಊಟದ ನೆಲ್ಲಿಕಾಯಿ ಉಪ್ಪಿನಕಾಯಿ ಇರಲಿ. ಲೋಟಗಟ್ಟಲೆ ನೆಲ್ಲಿಕಾಯಿ ಜ್ಯೂಸ್ ಬೇಡ.

ಅಮೃತಬಳ್ಳಿ: ಕೋವಿಡ್ ಕಾಲದಲ್ಲಿ ಮುಂಬೈ ವೈದ್ಯರು ಅದನ್ನು ಸೇವಿಸಿದ ಆರು ಜನರಲ್ಲಿ ಯಕೃತ್ತಿನ ಉರಿಯೂತ ವರದಿ ಮಾಡಿದರು, ಆಮೇಲೆ ದೇಶದ ಹಲವು ಕೇಂದ್ರಗಳಿಂದ ಇನ್ನಷ್ಟು ಪ್ರಕರಣ ಬಂದವು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಆ ವಾದ ಏನೇ ಇರಲಿ, ಕೀಮೋ ನಡೆಯುವಾಗ ಎಸ್‌ಜಿಪಿಟಿ (ಯಕೃತ್ತಿನ ಹಾನಿ ತೋರಿಸುವ ರಕ್ತಪರೀಕ್ಷೆ) ಏರಿದರೆ ಕಾರಣ ಔಷಧವೋ ಕಷಾಯವೋ ತಿಳಿಯದೆ, ಬೇಕಾದ ಔಷಧವೇ ನಿಲ್ಲುತ್ತದೆ. ಇಮ್ಯುನೋಥೆರಪಿಯವರಿಗೆ, ಮೆಥೊಟ್ರೆಕ್ಸೇಟ್‌ನವರಿಗೆ ಇನ್ನೂ ಬೇಡ. ಅಶ್ವಗಂಧಕ್ಕೂ ಯಕೃತ್ತಿನ ಮಾತು ಅನ್ವಯ. ಭಸ್ಮ ಸೇರಿದ ಔಷಧಗಳಲ್ಲಿ ಸೀಸ, ಪಾದರಸ ಇರುವ ಸಾಧ್ಯತೆ ಇದೆ, ಸಿಸ್‌ಪ್ಲಾಟಿನ್ ನಡೆಯುವಾಗ ಕಿಡ್ನಿಗೆ ಅದರ ಹೊರೆಯನ್ನೂ ಹಾಕಬಾರದು.

ಲಕ್ಷ್ಮಣಫಲದ ಎಲೆ ಕಷಾಯವನ್ನೂ ಕೇಳಿ ತಿಳಿದುಕೊಳ್ಳಿ, ನಮ್ಮ ಕಡೆ ಇದು ಜೋರಾಗಿದೆ. ಅದರಲ್ಲಿ ಅನೊನಾಸಿನ್ ಎಂಬ ನರಕ್ಕೆ ವಿಷವಾದ ಅಂಶ ಇದೆ. ಇದರ ಹಣ್ಣು, ಎಲೆ ಹೆಚ್ಚು ಸೇವಿಸುವ ಗ್ವಾಡಲೂಪ್ ದ್ವೀಪದಲ್ಲಿ ಪಾರ್ಕಿನ್ಸನ್ ಹೋಲುವ ಕಾಯಿಲೆಯ ಜೊತೆ ಇದರ ನಂಟನ್ನು 1999ರಲ್ಲಿ ವರದಿ ಮಾಡಿದ್ದಾರೆ. ಬಾರ್ಟೆಜೊಮಿಬ್ ಸ್ವತಃ ನರಕ್ಕೆ ತೊಂದರೆ ಕೊಡುವ ಔಷಧ.

ಪ್ರಾಸ್ಟೇಟ್ ಕ್ಯಾನ್ಸರಿನ ಅಬಿರಾಟೆರೋನ್‌ನವರಿಗೆ ಒಂದು ಸಾಲು: ಕೆಮ್ಮಿಗೆ ಜೇಷ್ಠಮಧು ಬೇಡ. ಎರಡೂ ಪೊಟ್ಯಾಶಿಯಂ ಇಳಿಸಿ ಬಿಪಿ ಏರಿಸುತ್ತವೆ.

ಕ್ಲಿನಿಕಲ್_ಫಾರ್ಮಸಿ_ಮಂಗಳೂರು:

ಇಷ್ಟೆಲ್ಲ ಓದಿ "ಕ್ಯಾನ್ಸರ್ ಚೀಟಿ ಕಂಡರೆ ಎಲ್ಲ ವಿಟಮಿನ್ ನಿಲ್ಲಿಸಿ" ಅಂತ ಹೇಳಲು ಶುರು ಮಾಡಬೇಡಿ. ಅದು ಅಷ್ಟೇ ಅಪಾಯ. ಶ್ವಾಸಕೋಶದ ಕ್ಯಾನ್ಸರಿಗೆ ಕೊಡುವ ಪೆಮೆಟ್ರೆಕ್ಸೆಡ್ ವಿಷಯದಲ್ಲಿ ಫೋಲಿಕ್ ಆಸಿಡ್ ಕಡ್ಡಾಯ. ಮೊದಲ ಡ್ರಿಪ್‌ಗೆ ಏಳು ದಿನ ಮೊದಲಿನಿಂದ ದಿನಕ್ಕೆ 400–1000 ಮೈಕ್ರೋಗ್ರಾಂ, ಕೊನೆಯ ಡ್ರಿಪ್ ಆದ ಮೇಲೂ 21 ದಿನ. ಜೊತೆಗೆ ಬಿ12 1000 ಮೈಕ್ರೋಗ್ರಾಂ ಇಂಜೆಕ್ಷನ್, ಮೊದಲ ಡ್ರಿಪ್‌ಗೆ ಮುಂಚಿನ ವಾರ ಒಂದು, ಆಮೇಲೆ ಒಂಬತ್ತು ವಾರಕ್ಕೊಂದು. ಇದು ತಪ್ಪಿದರೆ ರಕ್ತಕಣಗಳು ಜೀವಕ್ಕೆ ಕುತ್ತು ತರುವಷ್ಟು ಕುಸಿಯುತ್ತವೆ. ಕ್ಯಾಪೆಸಿಟಬಿನ್‌ಗೆ ಬೇಡವಾದ ಅದೇ ಮಾತ್ರೆ ಇಲ್ಲಿ ರಕ್ಷಣೆ. ಆದ್ದರಿಂದ ಔಷಧದ ಹೆಸರು ನೋಡದೆ ಸಪ್ಲಿಮೆಂಟಿನ ಬಗ್ಗೆ ಬಾಯಿ ಬಿಡಬಾರದು. ಇಲ್ಲೂ 5 ಮಿ.ಗ್ರಾಂ. ಮಾತ್ರೆ ಕೊಟ್ಟುಬಿಡಬೇಡಿ, ಚೀಟಿಯಲ್ಲಿರುವ ಡೋಸನ್ನೇ ಕೊಡಿ.

ಮೂಳೆಗೆ ಜೊಲೆಡ್ರೋನಿಕ್ ಆಸಿಡ್ ಅಥವಾ ಡೆನೊಸುಮಾಬ್ ತಗೊಳ್ಳುವವರು ಕ್ಯಾಲ್ಸಿಯಂ 500 ಮಿ.ಗ್ರಾಂ., ವಿಟಮಿನ್ ಡಿ 400 ಯೂನಿಟ್ ದಿನಾ ತಗೊಳ್ಳಲೇಬೇಕು. ನಿಲ್ಲಿಸಿದರೆ ಕ್ಯಾಲ್ಸಿಯಂ ಕುಸಿದು ಕೈಕಾಲು ಸೆಟೆಯುತ್ತದೆ. ಸಿಸ್‌ಪ್ಲಾಟಿನ್, ಸೆಟುಕ್ಸಿಮಾಬ್‌ನವರಿಗೆ ಮೆಗ್ನೀಷಿಯಂ ಬರೆದಿದ್ದರೆ ಅದನ್ನೂ ಬಿಡಿಸಬಾರದು.

ಕೌಂಟರ್_ದಾವಣಗೆರೆ:

ಎಲ್ಲರಿಗೂ ಧನ್ಯವಾದ. ಬಾಯಿ, ಗಂಟಲು ಕ್ಯಾನ್ಸರಿಗೆ ರೇಡಿಯೇಷನ್ ನಡೆಯುವವರು ವಿಟಮಿನ್ ಇ 400 ಕೇಳ್ತಾರೆ, ಅದು? ಮತ್ತೆ, ತೊಂದರೆ ಆದದ್ದು ಕಂಡರೆ ತಿಳಿಸುವುದು ಎಲ್ಲಿ?

ಡೇಕೇರ್_ನರ್ಸ್_ಹುಬ್ಬಳ್ಳಿ:

ವಿಟಮಿನ್ ಇ ಬೇಡ. ತಲೆ-ಕುತ್ತಿಗೆ ಕ್ಯಾನ್ಸರಿನ 540 ರೋಗಿಗಳ ಮೇಲೆ ಕೆನಡಾದಲ್ಲಿ ಇದೇ 400 ಯೂನಿಟ್ ಕೊಟ್ಟು ನೋಡಿದ್ದಾರೆ, ವರದಿ 2005ರದ್ದು. ಮಾತ್ರೆ ತಗೊಳ್ಳುತ್ತಿದ್ದ ಅವಧಿಯಲ್ಲಿ ಮರುಕಳಿಕೆ ಮತ್ತು ಹೊಸ ಕ್ಯಾನ್ಸರ್ ಹೆಚ್ಚು ಕಂಡವು. ರೇಡಿಯೇಷನ್ ಬಾಯಿ ಹುಣ್ಣಿಗೆ ಉಪ್ಪು, ಅಡುಗೆ ಸೋಡಾ ಹಾಕಿದ ನೀರು: ಒಂದು ಲೀಟರಿಗೆ ತಲಾ ಒಂದು ಚಮಚ, ಎರಡು ಗಂಟೆಗೊಮ್ಮೆ ಮುಕ್ಕಳಿಸಿ ಉಗುಳುವುದು, ದಿನಾ ಹೊಸದಾಗಿ ಮಾಡಿಕೊಳ್ಳುವುದು.

ತಿಳಿಸಲು ಭಾರತೀಯ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮದ ಉಚಿತ ಸಂಖ್ಯೆ 1800-180-3024. ಫಾರ್ಮಸಿಸ್ಟ್ ಕೂಡ ವರದಿ ಮಾಡಬಹುದು. ಸಪ್ಲಿಮೆಂಟಿನ ಬ್ರಾಂಡ್, ಬ್ಯಾಚ್ ನಂಬರ್, ಶುರು ಮಾಡಿದ ದಿನ, ಕೀಮೋ ಔಷಧದ ಹೆಸರು ಮತ್ತು ಡೋಸ್ ಬರೆದಿಟ್ಟುಕೊಂಡು ಫೋನ್ ಮಾಡಿ. ರೋಗಿಗಳಿಗೆ ನಾವು ಹೇಳುವುದು ಒಂದೇ: ಡೇಕೇರ್‌ಗೆ ಬರುವಾಗ ಪಟ್ಟಿ ಬೇಡ, ಮನೆಯಲ್ಲಿರುವ ಡಬ್ಬಿ, ಸ್ಟ್ರಿಪ್, ಚೂರ್ಣ, ಕಷಾಯದ ಪುಡಿ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ. "ಏನಾದರೂ ಸಪ್ಲಿಮೆಂಟ್ ತಗೊಳ್ತೀರಾ" ಅಂದರೆ ಇಲ್ಲ ಅಂತಾರೆ. "ಶಕ್ತಿಗೆ ಏನು ಕುಡೀತೀರಿ, ಊರಿಂದ ಯಾರಾದರೂ ಏನಾದರೂ ತಂದುಕೊಟ್ಟರಾ" ಅಂತ ಕೇಳಿದರೆ ಚೀಲ ಬಿಚ್ಚುತ್ತಾರೆ.